ಎರಡು ಪ್ರೊಸೆಸರ್ ವರ್ಕ್‌ಸ್ಟೇಷನ್ ಕಟ್ಟಿಸ್ಕೊಂಡೆ, ಸರಸ್ವತಿಪುರಂನ ಈ ಅಂಗಡಿ ಬಗ್ಗೆ ಹೇಳ್ಲೇಬೇಕು

ನಮ್ದು ಮಂಡ್ಯ. ಸಕ್ಕರೆ ಕಾರ್ಖಾನೆ ಬಾಯ್ಲರ್ ಒಳಗೆ ಕಬ್ಬಿನ ಸಿಪ್ಪೆ ಉರಿಯೋವಾಗ ಗಾಳಿ, ಬಿಸಿ ಹೆಂಗೆ ಓಡಾಡುತ್ತೆ ಅಂತ ಓಪನ್‌ಫೋಮ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸಿಮ್ಯುಲೇಶನ್ ಮಾಡಿಕೊಡೋದು ನನ್ನ ಕೆಲಸ. ಹಳೇ ಡೆಸ್ಕ್‌ಟಾಪ್‌ನಲ್ಲಿ 2 ಕೋಟಿ ಸೆಲ್ (ಲೆಕ್ಕಕ್ಕೆ ಅಂತ ಒಳಗಿನ ಜಾಗನ ಭಾಗ ಮಾಡೋ ಸಣ್ಣ ಸಣ್ಣ ತುಂಡು) ಇರೋ ಕೇಸ್ ಹಾಕಿದ್ರೆ 5 ದಿನ ಹಿಡೀತಿತ್ತು, ಅದಕ್ಕೆ ಎಎಂಡಿ ಎಪಿಕ್ 7313 ಅನ್ನೋ ಸರ್ವರ್ ಪ್ರೊಸೆಸರ್ ಎರಡು ಹಾಕಿಸಿ 32 ಕೋರ್‌ದು ಒಂದು ಮಷಿನ್ ಮಾಡಿಸ್ಬಿಡೋಣ ಅಂತ ಹೊರಟೆ.

ಮೊದಲು ಹೋದ ಬೇರೆ ಅಂಗಡಿಲಿ 32 ಜಿಬಿದು 8 ಮೆಮೊರಿ ಸ್ಟಿಕ್ ಹಾಕ್ತೀವಿ, 256 ಆಯ್ತಲ್ಲ ಸಾರ್ ಅಂದ್ರು. ಆದ್ರೆ ಈ ಪ್ರೊಸೆಸರ್‌ಗೆ ಒಂದೊಂದಕ್ಕೂ 8 ಮೆಮೊರಿ ಚಾನೆಲ್ (ಮೆಮೊರಿಯಿಂದ ಡೇಟಾ ಬರೋ ದಾರಿ) ಇದೆ, ಎರಡಕ್ಕೆ 16, ಎಲ್ಲಾ ತುಂಬಿದ್ರೆ ಮಾತ್ರ ಪೂರ್ತಿ ಸ್ಪೀಡು. ಗಾಣ ಎಷ್ಟು ದೊಡ್ಡದಿದ್ರೇನು, ಕಾರ್ಖಾನೆ ಗೇಟ್ ಅರ್ಧ ಮುಚ್ಚಿದ್ರೆ ಕಬ್ಬಿನ ಗಾಡಿಗಳು ರೋಡಲ್ಲೇ ನಿಲ್ತವೆ, ನಮ್ಮ ಸಿಮ್ಯುಲೇಶನ್ನೂ ಹಂಗೇ ಕಣ್ರೀ, ಕೋರ್‌ಗಿಂತ ಮೊದಲು ಮೆಮೊರಿ ಸ್ಪೀಡೇ ಸಾಲದೆ ಬರುತ್ತೆ. ಡಿಡಿಆರ್4 3200 ಮೆಮೊರಿ ಆದ್ರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 25.6 ಜಿಬಿ, ನನ್ನ ಹಳೇದ್ರಲ್ಲಿ ಇದ್ದಿದ್ದೇ 2 ಚಾನೆಲ್, ಇದ್ರಲ್ಲಿ 16, ಲೆಕ್ಕ ಹಾಕಿದ್ರೆ 51.2 ಎಲ್ಲಿ 409.6 ಎಲ್ಲಿ! ಈ ಅಂಗಡಿ ಓನರ್ ಕೂತು ಪೂರ್ತಿ ಕೇಳಿಸ್ಕೊಂಡ್ರು, 16 ಜಿಬಿದು ಇಸಿಸಿ (ಡೇಟಾ ತಪ್ಪಾದ್ರೆ ತಾನೇ ಸರಿ ಮಾಡ್ಕೊಳ್ಳೋ) ಸ್ಟಿಕ್ 16 ತರಿಸಿಕೊಟ್ರು.

ಜೋಡಿಸಿದ ದಿನ ನಾನೂ ಅಲ್ಲೇ ಇದ್ದೆ. ಆನ್ ಮಾಡಿದ್ರೆ 240 ಜಿಬಿ ಮಾತ್ರ ತೋರಿಸ್ತು, ಎದೆ ಧಸಕ್ ಅಂತು. ಸ್ಟಿಕ್ ಅದಲು ಬದಲು ಮಾಡಿದ್ರೂ ಅದೇ ಸ್ಲಾಟ್ ಸತ್ತಂಗೆ. ಆಗ ಓನರ್ರು ಸ್ಟಿಕ್ ಮೇಲೆ ತಪ್ಪು ಹಾಕ್ಲಿಲ್ಲ, ಪ್ರೊಸೆಸರ್ ಸರಿಯಾಗಿ ಕೂತಿಲ್ಲ ಅನ್ಸುತ್ತೆ ಅಂತ ಕೂಲರ್ ಬಿಚ್ಚಿದ್ರು. ಪ್ರೊಸೆಸರ್ ಕೂರೋ ಸಾಕೆಟ್‌ನಲ್ಲಿ 4094 ಪಿನ್ ಇರುತ್ತೆ, 3 ಸ್ಕ್ರೂನ 1, 2, 3 ನಂಬರ್ ಪ್ರಕಾರನೇ ಟಾರ್ಕ್ ಡ್ರೈವರ್‌ನಲ್ಲಿ (ಎಷ್ಟು ಬೇಕೋ ಅಷ್ಟೇ ಬಿಗಿ ಮಾಡೋ ಸ್ಕ್ರೂಡ್ರೈವರ್) ಬಿಗಿ ಮಾಡ್ಬೇಕು, ಒಂದು ಕಡೆ ಹೆಚ್ಚು ಕಮ್ಮಿ ಆದ್ರೆ ಒಂದು ಚಾನೆಲ್ಲೇ ಕಾಣಲ್ಲ. ಅಂಗಡಿ ಹುಡುಗ ಅವಸರದಲ್ಲಿ ಬಿಗಿ ಮಾಡಿದ್ದ ಪಾಪ. ಓನರ್ರೇ ಪೇಸ್ಟ್ ಒರೆಸಿ ಮತ್ತೆ ಕೂರ್ಸಿದ್ರು, 256 ಬಂತು. ಅಷ್ಟಕ್ಕೇ ಬಿಡ್ಲಿಲ್ಲ, ನನ್ನ ಕೇಸನ್ನೇ ರಾತ್ರಿಯೆಲ್ಲಾ ಅಲ್ಲೇ ಓಡಿಸಿ ಟೆಂಪರೇಚರ್ ತೋರಿಸಿ ಆಮೇಲೆ ದುಡ್ಡು ತಗೊಂಡ್ರು. ಇಂಥ ತಾಳ್ಮೆ ನಾನು ಬೇರೆಲ್ಲೂ ನೋಡಿಲ್ಲ.

ಬೇಜಾರು ಅಂದ್ರೆ 15 ದಿನ ಅಂದಿದ್ದು 5 ವಾರ ಆಯ್ತು, ಫೋನ್ ಮಾಡಿ ಹೇಳೋರೇ ಇಲ್ಲ, ಪ್ರತಿ ಸಲ ನಾನೇ ಮಾಡ್ಬೇಕಿತ್ತು. ಮೊದಲು ಕೊಟ್ಟ ಕೊಟೇಷನ್‌ನಲ್ಲಿ ಜಿಎಸ್‌ಟಿ ಸೇರಿಸಿರ್ಲಿಲ್ಲ. ಬಯೋಸ್‌ನಲ್ಲಿ ಎನ್‌ಪಿಎಸ್4 (ಒಂದೊಂದು ಪ್ರೊಸೆಸರ್‌ನ ಮೆಮೊರಿನ 4 ಭಾಗ ಮಾಡೋ ಸೆಟ್ಟಿಂಗ್) ಮಾಡೋದು ಅವ್ರಿಗೆ ಗೊತ್ತಿರ್ಲಿಲ್ಲ, ಅದನ್ನ ಮನೇಲಿ ನಾನೇ ಮಾಡ್ಕೊಂಡೆ. ಫ್ಯಾನ್ ಸೌಂಡು ಜೋರೇ ಇದೆ, ಮಲಗೋ ರೂಮಲ್ಲಿ ಇಡೋ ಐಟಂ ಅಲ್ಲ.

ಮಂಡ್ಯಕ್ಕೆ ಕಾರಲ್ಲಿ ತರೋವಾಗ ಕ್ಯಾಬಿನೆಟ್ ನಿಲ್ಲಿಸ್ಬೇಡಿ ಅಣ್ಣ, ಕೂಲರ್ ಭಾರ ಬೋರ್ಡ್ ಮೇಲೆ ಎಳೆಯುತ್ತೆ ಅಂತ ಆ ಹುಡುಗನೇ ಓಡಿ ಬಂದು ಹಿಂದಿನ ಸೀಟಲ್ಲಿ ಹಾಸಿಗೆ ಹಾಕಿ ಅಡ್ಡ ಮಲಗಿಸಿಕೊಟ್ಟ. 5 ದಿನದ ಅದೇ ಕೇಸ್ ಈಗ 18 ಗಂಟೇಲಿ ಮುಗೀತಿದೆ. ಕಟ್ಟಿಸೋರು ಬಿಲ್ಲಲ್ಲಿ 16 ಸ್ಟಿಕ್‌ದೂ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ವಾರಂಟಿಗೆ ಬೇಕಾಗುತ್ತೆ, ಕೇಳಿದ್ರೆ ಬರ್ಕೊಡ್ತಾರೆ.