ಫ್ಲೈವೈರ್ ಕೋಡೆಕ್ಸ್: ನೊಣದ ಮಿದುಳಿನ ಉಚಿತ ನಕ್ಷೆ ಯಾರಿಗೆ, ಎಷ್ಟರಮಟ್ಟಿಗೆ ಉಪಯುಕ್ತ?

ವಯಸ್ಕ ಹಣ್ಣುನೊಣದ ಇಡೀ ಮಿದುಳಿನ ನರಜೋಡಣೆಯ ನಕ್ಷೆ 2024ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯ ಒಂಬತ್ತು ಪ್ರಬಂಧಗಳ ಮೂಲಕ ಪ್ರಕಟವಾಯಿತು. 1,39,255 ನರಕೋಶಗಳು, ಅವು ಪರಸ್ಪರ ಸಂದೇಶ ದಾಟಿಸುವ ಕೂಡುಜಾಗಗಳಾದ ಐದು ಕೋಟಿಗೂ ಹೆಚ್ಚು ಸಿನಾಪ್ಸ್‌ಗಳು ಎಂಬ ಅಂಕಿಗಳು ಆಗ ಎಲ್ಲೆಡೆ ಸುದ್ದಿಯಾದವು. ಆದರೆ ಅದೇ ದತ್ತಾಂಶವನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ 'ಕೋಡೆಕ್ಸ್' ಎಂಬ ಜಾಲತಾಣದ ಬಗ್ಗೆ ಅಷ್ಟಾಗಿ ಚರ್ಚೆ ನಡೆದಂತಿಲ್ಲ. ಸ್ನಾತಕೋತ್ತರ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ನರವಿಜ್ಞಾನ ಹೇಳಿಕೊಡುವ ಕೆಲಸದಲ್ಲಿ ನಾನು ಈ ತಾಣವನ್ನು ಬಳಸುತ್ತಿದ್ದೇನೆ. ಇದು ಸಂಶೋಧಕರ ಸಲಕರಣೆಯಾದರೂ ಒಂದು ಸೇವೆಯಾಗಿ ಹೇಗಿದೆ ಎಂಬುದನ್ನು ಇಲ್ಲಿ ವಿಮರ್ಶಿಸುತ್ತೇನೆ.

'ಫ್ಲೈವೈರ್' ಎಂಬ ಈ ನಕ್ಷಾ ಯೋಜನೆಯನ್ನು ಮುನ್ನಡೆಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್. ಇದಕ್ಕೆ ಆಧಾರವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ತೆಗೆದದ್ದು ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ. ಒಂದು ಮಿಲಿಮೀಟರಿಗಿಂತ ಕಿರಿದಾದ ಮಿದುಳನ್ನು ಏಳು ಸಾವಿರದಷ್ಟು ತೆಳುಪದರಗಳಾಗಿ ಕತ್ತರಿಸಿ, ಪ್ರತಿ ಪದರದ ಚಿತ್ರ ತೆಗೆದು, ನರಕೋಶಗಳ ಎಳೆಗಳನ್ನು ಪದರದಿಂದ ಪದರಕ್ಕೆ ಕಂಪ್ಯೂಟರಿನಿಂದ ಹಿಂಬಾಲಿಸಿ, ಕಂಪ್ಯೂಟರ್ ಎಡವಿದ ಕಡೆಗಳನ್ನೆಲ್ಲ ನೂರಾರು ಸಂಶೋಧಕರೂ ಆಸಕ್ತ ಸಾರ್ವಜನಿಕರೂ ಕೈಯಾರೆ ತಿದ್ದಿದ್ದಾರೆ. 1986ರಲ್ಲಿ ಪೂರ್ಣಗೊಂಡ ಸಿ. ಎಲಿಗನ್ಸ್ ಹುಳುವಿನ ನಕ್ಷೆಯಲ್ಲಿ ಇದ್ದದ್ದು 302 ನರಕೋಶಗಳು. 2023ರ ನೊಣದ ಲಾರ್ವಾ ನಕ್ಷೆಯಲ್ಲಿ 3,016. ಈ ಹಿನ್ನೆಲೆಯಲ್ಲಿ ನೋಡಿದರೆ ಇದರ ಗಾತ್ರ ಅರ್ಥವಾಗುತ್ತದೆ.

ಕೋಡೆಕ್ಸ್ ಬಳಸಲು ಹಣ ಕೊಡಬೇಕಿಲ್ಲ. ಗೂಗಲ್ ಖಾತೆಯಿದ್ದರೆ ಸಾಕು. ಒಳಹೊಕ್ಕವರಿಗೆ ಒಂದು ಹುಡುಕುಪೆಟ್ಟಿಗೆ ಸಿಗುತ್ತದೆ. ಅಲ್ಲಿ ಏನು ಹುಡುಕಬೇಕೆಂದು ತಿಳಿಯದೆ ಹೋದವರಿಗೆ ತಾಣ ಹೆಚ್ಚೇನೂ ಕೊಡದು, ಬಣ್ಣಬಣ್ಣದ ಕೋಶಗಳನ್ನು ತಿರುಗಿಸಿ ನೋಡುವ ಸಂತೋಷವನ್ನು ಬಿಟ್ಟರೆ. ನಿರ್ದಿಷ್ಟ ಪ್ರಶ್ನೆ ಇಟ್ಟುಕೊಂಡು ಹೋದವರಿಗೆ ಮಾತ್ರ ಇದರ ನಿಜವಾದ ಬೆಲೆ ತಿಳಿಯುತ್ತದೆ.

ಉದಾಹರಣೆಗೆ ಎಂಡಿಎನ್ (MDN) ಎಂಬ ನರಕೋಶಗಳನ್ನು ತೆಗೆದುಕೊಳ್ಳೋಣ. ಶಾಖದ ಮೂಲಕ ಇವುಗಳನ್ನು ಪ್ರಚೋದಿಸಿದರೆ ನೊಣ ಹಿಮ್ಮುಖವಾಗಿ ನಡೆಯತೊಡಗುತ್ತದೆ, ಇವುಗಳ ಕೆಲಸ ನಿಲ್ಲಿಸಿದರೆ ಮುಂದೆ ದಾರಿಯಿಲ್ಲದ ಕಡೆ ಸಿಕ್ಕಿಕೊಂಡ ನೊಣಕ್ಕೆ ಹಿಂದೆ ಸರಿಯುವುದೇ ಕಷ್ಟವಾಗುತ್ತದೆ ಎಂದು 2014ರಲ್ಲಿ ತೋರಿಸಲಾಗಿತ್ತು. ಒಂದು ವರ್ತನೆಗೂ ಬೆರಳೆಣಿಕೆಯ ನರಕೋಶಗಳಿಗೂ ಇರುವ ನಂಟಿಗೆ ಇಷ್ಟು ಸ್ಪಷ್ಟವಾದ ಪ್ರಸಂಗಗಳು ಕಡಿಮೆ. ಆ ಮೂರಕ್ಷರವನ್ನು ಟೈಪ್ ಮಾಡಿದರೆ ಬಲಕ್ಕೆರಡು, ಎಡಕ್ಕೆರಡು, ಒಟ್ಟು ನಾಲ್ಕು ಕೋಶಗಳು ಸಿಗುತ್ತವೆ. ಪ್ರತಿಯೊಂದಕ್ಕೂ 720575940 ಎಂದು ಆರಂಭವಾಗುವ ಹದಿನೆಂಟು ಅಂಕಿಗಳ ಗುರುತಿನ ಸಂಖ್ಯೆ, ಅದು ಯಾವ ವರ್ಗದ ಕೋಶ ಎಂಬ ವಿವರ, ಊಹಿಸಲಾದ ನರವಾಹಕ (ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ರಾಸಾಯನಿಕ), ಮತ್ತು ಯಾವ ಯಾವ ಕೋಶದಿಂದ ಎಷ್ಟೆಷ್ಟು ಸಿನಾಪ್ಸ್ ಬರುತ್ತವೆ ಎಂಬ ಪಟ್ಟಿ ಇರುತ್ತದೆ. ಎಲ್‌ಸಿ16 ಎಂಬ ದೃಷ್ಟಿ ನರಕೋಶಗಳು ನೊಣವನ್ನು ಹಿಮ್ಮೆಟ್ಟಿಸುತ್ತವೆ ಎಂದು ಪ್ರಯೋಗಗಳಿಂದ ತಿಳಿದಿದೆ. ಇವೆರಡರ ನಡುವಿನ ದಾರಿಯಲ್ಲಿ ಯಾವ ಕೋಶಗಳಿವೆ ಎಂಬುದನ್ನು ತಾಣದ 'ಪಾಥ್‌ವೇಸ್' ಸಲಕರಣೆ ಹಂತಹಂತವಾಗಿ ಬಿಡಿಸಿ ತೋರಿಸುತ್ತದೆ. ಹಿಂದೆ ಒಂದು ಪ್ರಯೋಗಾಲಯ ವರ್ಷಗಟ್ಟಲೆ ದುಡಿದು ಪಡೆಯಬೇಕಿದ್ದ ಸುಳಿವು ಇಂದು ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿಗೆ ಮಧ್ಯಾಹ್ನದ ತರಗತಿಯಲ್ಲೇ ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ತಾಣದ ಮಿತಿಯೂ ಇದೇ ಉದಾಹರಣೆಯಲ್ಲಿ ಗೋಚರಿಸುತ್ತದೆ. ಎಂಡಿಎನ್ ಕೋಶಗಳು ಆಜ್ಞೆಯನ್ನು ಕಾಲುಗಳಿಗೆ ತಲುಪಿಸುವುದು ಎದೆಭಾಗದ ನರಹುರಿಯ ಮೂಲಕ, ಆದರೆ 2024ರ ನಕ್ಷೆ ಕುತ್ತಿಗೆಯಲ್ಲೇ ಮುಗಿಯುತ್ತದೆ. ಆಜ್ಞೆ ಹುಟ್ಟುವ ಬಗೆ ಕಾಣುತ್ತದೆ, ಅದು ಕಾಲಿಗಿಳಿಯುವ ಬಗೆ ಕಾಣುವುದಿಲ್ಲ. ಜೊತೆಗೆ ಇದು ಒಂದೇ ಒಂದು ಹೆಣ್ಣು ನೊಣದ ಮಿದುಳು. ಗಂಡಿನ ಪ್ರಣಯ ವರ್ತನೆಯನ್ನು ಚಾಲನೆ ಮಾಡುವ ಪಿ1 ನರಕೋಶಗಳನ್ನು ಇದರಲ್ಲಿ ಹುಡುಕಿ ಫಲವಿಲ್ಲ. ಮಿದುಳನ್ನೂ ನರಹುರಿಯನ್ನೂ ಒಟ್ಟಾಗಿ ಒಳಗೊಂಡ ನಕ್ಷೆಗಳು, ಗಂಡು ನೊಣದ್ದೂ ಸೇರಿ, 2025ರಲ್ಲಿ ಹೊರಬಂದಿರುವುದರಿಂದ ಈ ಕೊರತೆ ತುಂಬುತ್ತಿದೆ.

ಕುತೂಹಲದ ಇನ್ನೊಂದು ಸಂಗತಿಯಿದೆ. ಮೂಲ ಚಿತ್ರಗಳನ್ನು ತೆಗೆಯುವಾಗ ಎಡಬಲ ಅದಲುಬದಲಾಗಿತ್ತು. ನೊಣದ ಮಿದುಳಿನಲ್ಲಿ ಬಲಗಡೆ ದೊಡ್ಡದಾಗಿರಬೇಕಾದ ಒಂದು ಪುಟ್ಟ ಭಾಗ ಎಡಗಡೆ ದೊಡ್ಡದಾಗಿ ಕಂಡದ್ದರಿಂದ ಈ ಪ್ರಮಾದ ಬಯಲಾಯಿತು. ಕೋಶಗಳ ಎಡಬಲದ ಗುರುತುಗಳನ್ನು ಈಗ ಸರಿಪಡಿಸಲಾಗಿದೆ. ಹಳೆಯ ಪ್ರಬಂಧಗಳನ್ನು ಜೊತೆಗಿಟ್ಟುಕೊಂಡು ಓದುವವರು ಮಾತ್ರ ಎಚ್ಚರದಿಂದಿರಬೇಕು.

ನನ್ನ ಮುಖ್ಯ ತಕರಾರು ನರವಾಹಕಗಳ ಅಂಕಣದ ಬಗ್ಗೆ. ಪ್ರತಿ ಕೋಶದ ಮುಂದೆ ಅಸಿಟೈಲ್‌ಕೋಲೀನ್, ಗಾಬಾ, ಗ್ಲುಟಮೇಟ್, ಡೋಪಮೀನ್, ಸೆರೊಟೋನಿನ್, ಆಕ್ಟೊಪಮೀನ್ ಎಂಬ ಆರರಲ್ಲಿ ಒಂದು ಹೆಸರು ಕಾಣಿಸುತ್ತದೆ. ಇದು ರಾಸಾಯನಿಕ ಪರೀಕ್ಷೆಯ ಫಲಿತಾಂಶವಲ್ಲ. ಸಿನಾಪ್ಸ್‌ನ ಚಿತ್ರ ನೋಡಿ ಯಂತ್ರಕಲಿಕೆಯ ಮಾದರಿಯೊಂದು ಮಾಡಿದ ಊಹೆ. ಊಹೆ ಬಹುಮಟ್ಟಿಗೆ ಸರಿಯಿದ್ದರೂ ತಪ್ಪಿದಾಗ ಸಣ್ಣದಾಗಿ ತಪ್ಪುವುದಿಲ್ಲ. ವಾಸನೆಯ ನೆನಪಿಗೆ ಬೇಕಾದ ಕೆನ್ಯನ್ ಕೋಶಗಳು ಮಿದುಳಿನ ಪ್ರತಿ ಬದಿಯಲ್ಲೂ ಎರಡು ಸಾವಿರಕ್ಕೂ ಹೆಚ್ಚಿವೆ. ಇವು ಅಸಿಟೈಲ್‌ಕೋಲೀನ್ ಬಳಸುತ್ತವೆ ಎಂದು ಪ್ರಯೋಗಗಳು ಹೇಳಿದರೆ, ಮಾದರಿ ಇವುಗಳಲ್ಲಿ ಅನೇಕವನ್ನು ಡೋಪಮೀನ್ ಕೋಶಗಳೆಂದು ಗುರುತಿಸಿತ್ತು. ಡೋಪಮೀನ್ ಕೋಶಗಳು ನಶಿಸುವ ಪಾರ್ಕಿನ್ಸನ್ ಕಾಯಿಲೆಯ ವಿಷಯಕ್ಕೆ ಬಂದಾಗ ಇದು ಗಂಭೀರವಾಗುತ್ತದೆ. ಮನುಷ್ಯರ ಆಲ್ಫಾ-ಸಿನ್ಯೂಕ್ಲಿನ್ ವಂಶವಾಹಿಯನ್ನು ನೊಣಕ್ಕೆ ಸೇರಿಸಿದಾಗ ಡೋಪಮೀನ್ ನರಕೋಶಗಳು ನಶಿಸುವುದನ್ನು 2000ದಲ್ಲಿ ತೋರಿಸಿದ ಬಳಿಕ ನೊಣ ಈ ಕಾಯಿಲೆಯ ಅಧ್ಯಯನದ ಒಪ್ಪಿತ ಮಾದರಿಯಾಗಿದೆ. ಅಂಥ ಅಧ್ಯಯನಕ್ಕೆ 'ಡೋಪಮೀನ್ ಕೋಶಗಳ ಪಟ್ಟಿ' ಬೇಕೆಂದು ಈ ಊಹೆಗಳನ್ನೇ ಕಣ್ಣುಮುಚ್ಚಿ ನಂಬಿದರೆ ಸಂಬಂಧವಿಲ್ಲದ ಸಾವಿರಾರು ಕೋಶಗಳು ಪಟ್ಟಿಗೆ ಸೇರಿಬಿಡಬಹುದು. ಊಹೆ ಯಾವುದು, ಪ್ರಯೋಗಸಿದ್ಧ ಯಾವುದು ಎಂಬುದು ಹೊಸಬರಿಗೆ ಒಂದೇ ನೋಟಕ್ಕೆ ತಿಳಿಯುವಂತೆ ತಾಣದ ವಿನ್ಯಾಸ ಇರಬೇಕಿತ್ತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ದಕ್ಕದ ಸಂಗತಿಗಳೂ ಇವೆ. ಕೋಶಗಳ ನಡುವಿನ ನೇರ ವಿದ್ಯುತ್ ಸಂಪರ್ಕಗಳು, ದೂರಕ್ಕೆ ಹರಡುವ ಸಂದೇಶವಾಹಕ ಅಣುಗಳಾದ ನ್ಯೂರೋಪೆಪ್ಟೈಡ್‌ಗಳು ಈ ನಕ್ಷೆಯಲ್ಲಿಲ್ಲ. ಊರಿನ ವಿದ್ಯುತ್ ಕಂಬ, ತಂತಿಗಳ ನಕ್ಷೆ ಕೈಲಿದ್ದ ಮಾತ್ರಕ್ಕೆ ಯಾವ ಮನೆಯಲ್ಲಿ ಈಗ ದೀಪ ಉರಿಯುತ್ತಿದೆ ಎಂದು ಹೇಳಲಾಗದು. ಹಾಗಿದ್ದೂ ಬರೀ ಜೋಡಣೆಯ ಆಧಾರದ ಮೇಲೆ ಕಟ್ಟಿದ ಕಂಪ್ಯೂಟರ್ ಮಾದರಿಯೊಂದು, ಸಿಹಿ ಗ್ರಹಿಸುವ ಕೋಶಗಳನ್ನು ಪ್ರಚೋದಿಸಿದರೆ ಸೊಂಡಿಲು ಚಾಚಿಸುವ ಚಾಲಕ ನರಕೋಶ ಉದ್ದೀಪನಗೊಳ್ಳುತ್ತದೆ ಎಂದು ಸರಿಯಾಗಿಯೇ ನುಡಿದಿದೆ. ಆ ಮಟ್ಟಿಗೆ ನನ್ನ ಸಂಶಯ ಸಡಿಲಗೊಂಡಿದೆ ಎಂದು ಒಪ್ಪಲೇಬೇಕು.

ಕರ್ನಾಟಕದ ಓದುಗರಿಗೆ ಈ ತಾಣ ದೂರದ ವಸ್ತುವೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣುನೊಣಗಳ ತಳಿಸಂಗ್ರಹ ಕೇಂದ್ರವಿದೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯನ್ನು ಕಟ್ಟಿದ ಒಬೈದ್ ಸಿದ್ದಿಕಿ ಅವರು ನೊಣದ ರುಚಿ, ವಾಸನೆಗಳ ಅಧ್ಯಯನಕ್ಕೇ ಹೆಸರಾದವರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ನಿದ್ದೆ, ಎಚ್ಚರಗಳ ಲಯ ಕಾಯುವ ನೊಣದ ದೈನಿಕ ಗಡಿಯಾರದ ಮೇಲೆ ಕೆಲಸ ನಡೆಯುತ್ತಿದೆ. ಆ ಗಡಿಯಾರದ ಮೊದಲ ವಂಶವಾಹಿ 'ಪೀರಿಯಡ್' 1971ರಲ್ಲಿ ನೊಣದಲ್ಲಿ ಪತ್ತೆಯಾಗಿ, ಮೂವತ್ತು ವರ್ಷಗಳ ಬಳಿಕ ಅದರ ಮಾನವ ರೂಪದಲ್ಲಿನ ಒಂದು ದೋಷವೇ ಸಂಜೆಗೇ ನಿದ್ದೆಗೆ ಜಾರಿ ನಸುಕಿಗೆ ಮುನ್ನ ಎಚ್ಚರಗೊಳ್ಳುವ ಕುಟುಂಬವೊಂದರ ತೊಂದರೆಗೆ ಕಾರಣವೆಂದು ಗೊತ್ತಾಯಿತು. ಇಂಥ ಸಂಶೋಧನೆಗೆ ಸೇರಬಯಸುವ ವಿದ್ಯಾರ್ಥಿಗಳು ಕೋಡೆಕ್ಸ್ ಬಳಸಲು ಕಲಿತಿರುವುದು ಒಳ್ಳೆಯದು. ತಾಣ ಇಂಗ್ಲಿಷಿನಲ್ಲಿ ಮಾತ್ರವಿದೆ, ಸಂಕ್ಷೇಪಾಕ್ಷರಗಳು ವಿಪರೀತ. ಕನ್ನಡ ಮಾಧ್ಯಮದಿಂದ ಬಂದವರಿಗೆ ಆರಂಭದಲ್ಲಿ ಅಧ್ಯಾಪಕರ ನೆರವು ಬೇಕಾಗುತ್ತದೆ. ಮೂರು ಆಯಾಮದ ಚಿತ್ರಗಳಿಗೆ ಮೊಬೈಲ್ ಸಾಲದು, ಕಂಪ್ಯೂಟರ್ ಬೇಕು.

ಯೋಜನಾ ವರದಿಗೆ ಇದನ್ನು ಬಳಸುವವರು ದತ್ತಾಂಶದ 783 ಎಂಬ ಆವೃತ್ತಿಯನ್ನೇ ಆರಿಸಿಕೊಂಡು, ಆ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸಬೇಕು. ಕೋಶವೊಂದನ್ನು ತಿದ್ದಿದಾಗಲೆಲ್ಲ ಅದರ ಗುರುತಿನ ಸಂಖ್ಯೆ ಬದಲಾಗುವುದರಿಂದ ಹಳೆಯ ಆವೃತ್ತಿಯ ಸಂಖ್ಯೆ ಹೊಸದರಲ್ಲಿ ಸಿಗದೆ ಹೋಗಬಹುದು. ಪೂರ್ವನಿಗದಿತ ಆಯ್ಕೆಯಲ್ಲಿ ಐದಕ್ಕಿಂತ ಕಡಿಮೆ ಸಿನಾಪ್ಸ್‌ಗಳಿರುವ ಜೋಡಣೆಗಳನ್ನು ಕೈಬಿಡಲಾಗಿರುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಬರೆದಿಡುವುದು ಸೂಕ್ತ.