ಬಾಡಿಗೆ ಸರ್ವರ್ ವಾಪಸ್ ಕೊಡೋ ಮುಂಚೆ ನಿಮ್ಮ ಡಾಕ್ಯುಮೆಂಟ್ಸ್ ಎಲ್ಲಿದೆ ನೋಡ್ಕೊಳ್ಳಿ, ನಾವು ಕೆಟ್ವಿ

ಕುಶಾಲನಗರದಲ್ಲಿ ಕಾಫಿ ಖರೀದಿ ಆಫೀಸ್ ನಮ್ದು, ಒಂಬತ್ತು ಕಂಪ್ಯೂಟರ್ ಇವೆ. ಅಕೌಂಟ್ಸ್ ಜೊತೆ ಕಂಪ್ಯೂಟರ್ ಕೆಲಸನೂ ನಾನೇ ನೋಡ್ಕೊಳ್ಳೋದು, ಅದಕ್ಕೇ ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ಯಾಕಂದ್ರೆ ಗೋಣಿಕೊಪ್ಪ, ವಿರಾಜಪೇಟೆ ಕಡೆನೂ ನಮಗೆ ಬಾಡಿಗೆಗೆ ಕೊಟ್ಟಿದ್ದ ಕಂಪನಿಯವ್ರೇ ಸರ್ವರ್ ಇಡ್ತಿದ್ದಾರೆ ಅಂತ ಕೇಳ್ದೆ.

ಎರಡು ವರ್ಷದ ಹಿಂದೆ ಮೈಸೂರಿಂದ ಬಂದು ಬಾಡಿಗೆಗೆ ಸರ್ವರ್ ಇಟ್ರು, ಗ್ರೂಪ್ ಪಾಲಿಸಿ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಕಡೆಯಿಂದ ಹಾಕೋ ಸೆಟ್ಟಿಂಗ್) ಹಾಕಿ ಎಲ್ಲರ ಡಾಕ್ಯುಮೆಂಟ್ಸ್ ಫೋಲ್ಡರ್‌ನೂ ಸರ್ವರ್‌ಗೆ ರೀಡೈರೆಕ್ಟ್ ಮಾಡಿದ್ರು, ಅಂದ್ರೆ ಫೋಲ್ಡರ್ ಇರೋ ಜಾಗನೇ ಸರ್ವರ್ ಆಯ್ತು. ಯಾವ ಸಿಸ್ಟಮ್‌ನಲ್ಲಿ ಲಾಗಿನ್ ಆದ್ರೂ ನಮ್ಮ ಫೈಲ್ ಸಿಗೋದು, ಅದು ಅನುಕೂಲನೇ ಆಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಐಕಾನ್ ಅದೇ, ಹೆಸರು ಅದೇ, ಫೈಲ್ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ ಅಂತ ಯಾರಿಗೂ ಅನ್ನಿಸ್ಲೇ ಇಲ್ಲ. ಕಾಪಿ ಅಲ್ಲ ಸ್ವಾಮಿ, ಮೂವ್ ಮಾಡಿದ್ರು, ಸಿ ಡ್ರೈವ್‌ನಲ್ಲಿ ಏನೂ ಉಳ್ದಿರ್ಲಿಲ್ಲ.

ಈ ಫೆಬ್ರವರಿಲಿ ಬಾಡಿಗೆ ಜಾಸ್ತಿ ಕೇಳಿದ್ರು, ಬೇಡ ತಗೊಂಡ್ಹೋಗಿ ಅಂದ್ವಿ. ರೊಬಸ್ಟಾ ಬರ್ತಿರೋ ಟೈಮು, ನನಗೆ ಭಯ. ಫೋನ್ ಮಾಡಿ ಕೇಳ್ದೆ, ಎರಡು ಸಲ ಕೇಳ್ದೆ, ನಮ್ಮ ಫೈಲ್ ಗತಿ ಏನು ಅಂತ. "ಪಾಲಿಸಿ ತೆಗೆದ್ರೆ ತಾನಾಗೇ ನಿಮ್ಮ ಪಿಸಿಗೆ ವಾಪಸ್ ಬರುತ್ತೆ ಸರ್, ಚಿಂತೆನೇ ಬೇಡ." ತಾನಾಗೇ ಬರುತ್ತೆ ಅಂದ್ರು. ಓನರ್‌ಗೆ ನಾನೂ ಅದನ್ನೇ ಹೇಳ್ದೆ.

ಅವರ ಹುಡುಗ ಬಂದ, ಪಾಲಿಸಿ ತೆಗೆದ, ಎಲ್ಲರೂ ಲಾಗ್‌ಆಫ್ ಆಗಿ ಮತ್ತೆ ಲಾಗಿನ್ ಆಗಿ ಅಂದ, ಸರ್ವರ್ ಆಫ್ ಮಾಡಿದ. ಡಾಕ್ಯುಮೆಂಟ್ಸ್ ತೆಗೆದ್ರೆ ಎಲ್ಲಾ ಇದೆ! ಬೆಳೆಗಾರರ ಅಡ್ವಾನ್ಸ್ ಲೆಕ್ಕ, ಔಟ್‌ಟರ್ನ್ ಶೀಟ್ (ಕಾಫಿಯಲ್ಲಿ ಬೀಜ ಎಷ್ಟು ಬಂತು ಅನ್ನೋ ಲೆಕ್ಕ), ಎಲ್ಲಾ ಓಪನ್ ಆಗ್ತಿದೆ. ಖುಷಿಯಿಂದ ಸೈನ್ ಹಾಕ್ದೆ, ಸರ್ವರ್ ಕಾರಲ್ಲಿಟ್ಕೊಂಡು ಹೋದ. ನಾಲ್ಕು ದಿನ ಅದೇ ಫೈಲ್‌ಗಳಲ್ಲಿ ಕೆಲ್ಸ ಮಾಡಿದೀವಿ, ಸೇವ್ ಮಾಡಿದೀವಿ.

ಅದು ಆಫ್‌ಲೈನ್ ಫೈಲ್ಸ್. ಸರ್ವರ್ ಸಿಗದಿದ್ದಾಗ ತೋರಿಸೋಕೆ ವಿಂಡೋಸ್ ಒಳಗೆಲ್ಲೋ ಇಟ್ಕೊಂಡಿರೋ ಕಾಪಿ ಅಷ್ಟೇ. ನಮಗೆ ಹೇಗೆ ಗೊತ್ತಾಗ್ಬೇಕು?

ಸರ್ವರ್ ಜೊತೆ ಫೈಲ್ ಹೊಂದಿಸೋಕೆ ಆಗ್ತಿಲ್ಲ ಅಂತ ಸಿಂಕ್ ಎರರ್ ಬರ್ತಾ ಇತ್ತು, ಮತ್ತೆ ಅವರಿಗೇ ಫೋನ್ ಮಾಡ್ದೆ, ಅದೇ ನಾನು ಮಾಡಿದ ತಪ್ಪು. ಅವರ ಕಡೆಯವನೊಬ್ಬ ರಿಮೋಟ್‌ನಲ್ಲಿ ಬಂದು ಒಂದೊಂದೇ ಸಿಸ್ಟಮ್‌ನಲ್ಲಿ ಆಫ್‌ಲೈನ್ ಫೈಲ್ಸ್ ರೀಸೆಟ್ ಮಾಡಿ ರೀಸ್ಟಾರ್ಟ್ ಕೊಟ್ಟ. ಐದನೇ ಸಿಸ್ಟಮ್ ಆಗೋ ಹೊತ್ತಿಗೆ ಮೊದಲನೇದ್ರಲ್ಲಿ ಕೂತಿದ್ದ ಹುಡುಗಿ "ಅಣ್ಣಾ, ಡಾಕ್ಯುಮೆಂಟ್ಸ್ ಓಪನ್ನೇ ಆಗ್ತಿಲ್ಲ" ಅಂದ್ಳು. ಹೋಗಿ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ನೋಡ್ದೆ, ಅಲ್ಲಿ ಇನ್ನೂ ಸರ್ವರ್ ಹೆಸರೇ ಇದೆ. ಕೈಕಾಲು ತಣ್ಣಗಾಯ್ತು. ವಾಪಸ್ ಬಂದೇ ಇರ್ಲಿಲ್ಲ, ಒಂದು ಫೈಲೂ ವಾಪಸ್ ಬಂದಿರ್ಲಿಲ್ಲ, ಒಳಗಿದ್ದ ಆ ಕಾಪಿನೂ ರೀಸೆಟ್‌ನಲ್ಲಿ ಅಳಿಸಿಹೋಗಿತ್ತು.

ಆಮೇಲೆ ಅವರ ಉತ್ತರ ಕೇಳಿ. "ಪಾಲಿಸಿ ತೆಗೆದಾಗ ಫೋಲ್ಡರ್ ಹೊಸ ಜಾಗದಲ್ಲೇ, ಅಂದ್ರೆ ಸರ್ವರ್‌ನಲ್ಲೇ, ಇರ್ಲಿ ಅನ್ನೋದು ಡೀಫಾಲ್ಟ್ ಸರ್, ಲೋಕಲ್‌ಗೆ ವಾಪಸ್ ಬೇಕು ಅಂತ ನೀವು ಹೇಳ್ಲಿಲ್ಲ." ನಾನು ಹೇಳ್ಲಿಲ್ವಂತೆ! ಸರ್ವರಾದ್ರೂ ತಂದುಕೊಡಿ ಅಂದೆ. "ಫಾರ್ಮ್ಯಾಟ್ ಮಾಡಿ ಬೇರೆಯವರಿಗೆ ಕೊಟ್ಟಾಯ್ತು." ಬ್ಯಾಕಪ್? "ಕೊಟೇಶನ್‌ನಲ್ಲಿ ಇರ್ಲಿಲ್ವಲ್ಲ ಸರ್." ಕೊನೆಗೆ, "ನೋಡಿ ಸೈನ್ ಮಾಡಿದೋರು ನೀವೇ." ಈಗ ಫೋನೇ ಎತ್ತಲ್ಲ.

ಉಳಿದ ನಾಲ್ಕು ಸಿಸ್ಟಮ್‌ನ ಮುಟ್ಟೋಕೆ ಬಿಡ್ಲಿಲ್ಲ, ಅವತ್ತೇ ರಾತ್ರಿ ಕೂತು ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ಕೊಂಡೆ. ಟ್ಯಾಲಿ ಡೇಟಾ ಸಿ ಡ್ರೈವ್‌ನಲ್ಲಿ ಬೇರೆ ಇದ್ದಿದ್ರಿಂದ ಉಳೀತು.

ನಿಮ್ಮಲ್ಲೂ ಹೀಗೆ ಇದ್ರೆ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ನೋಡಿ. ಸರ್ವರ್ ಹೆಸರಿದ್ರೆ ಫೈಲ್ ನಿಮ್ಮ ಹತ್ರ ಇಲ್ಲ. ಸರ್ವರ್ ಕೊಡೋ ಮುಂಚೆ ನೀವೇ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ, ನೆಟ್‌ವರ್ಕ್ ಕೇಬಲ್ ತೆಗೆದು ಆ ಡಿಸ್ಕ್‌ನಿಂದಲೇ ಫೈಲ್ ಓಪನ್ ಮಾಡಿ ನೋಡಿ. ಬಾಯಿಮಾತು ನಂಬಬೇಡಿ. ಯಾರಾದ್ರೂ ರೀಸೆಟ್ ಮಾಡ್ತೀನಿ ಅಂದ್ರೆ ಕೈ ಹಿಡಿದು ನಿಲ್ಲಿಸಿ.

ನಾವೀಗ ತೂಕದ ಚೀಟಿ ನೋಡ್ಕೊಂಡು ಅಡ್ವಾನ್ಸ್ ಲೆಕ್ಕ ಮತ್ತೆ ಬರೀತಿದೀವಿ. ನಿನ್ನೆ ಸೋಮವಾರಪೇಟೆಯ ಬೆಳೆಗಾರರೊಬ್ರು ಬಂದಿದ್ರು, ಅವರ ಲೆಕ್ಕದ್ದು ಚೀಟಿನೂ ಸಿಗ್ಲಿಲ್ಲ. ಪಾಪ ಅವರೇ ಜೇಬಿಂದ ಡೈರಿ ತೆಗೆದು, ಯಾವತ್ತು ಎಷ್ಟು ತಗೊಂಡಿದ್ದೆ ಅಂತ ಓದಿ ಹೇಳಿದ್ರು, ನಾನು ತಲೆ ಎತ್ತದೆ ಬರ್ಕೊಂಡೆ.