ಮನೆಯಲ್ಲೇ ದೋಣಿಗೆ ಜೆಟ್ ಕೂರಿಸಲು ಹೊರಟವರು ಒಮ್ಮೆ ಇದನ್ನು ಓದಿ

ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಇಂಜಿನ್‌ನ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ ಜೆಟ್ ಪಂಪ್ ಹಾಕುವ ವಿಡಿಯೋಗಳು ಈಗ ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ನೋಡಿ ಆಸೆಪಟ್ಟು ನಾನೂ ಹಾಕಿಸಿದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾನು, ನನ್ನ ಭಾವ, ಅವನ 12 ವರ್ಷದ ಮಗ ಮೂವರೂ ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ, ಮುಳುಗುವುದರಲ್ಲಿದ್ದೆವು. ಆ ಹುಡುಗ ಹೆದರಿ ನನ್ನ ಅಂಗಿ ಹಿಡಿದುಕೊಂಡಿದ್ದು ಈಗಲೂ ನೆನಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಪಯಸ್ವಿನಿ ಹೊಳೆಯ (ಚಂದ್ರಗಿರಿ ಹೊಳೆ ಅನ್ನುವುದೂ ಇದನ್ನೇ) ಬದಿಯಲ್ಲಿ, ಚಂದ್ರಗಿರಿ ಸೇತುವೆಯಿಂದ ಸ್ವಲ್ಪ ಮೇಲಕ್ಕೆ. 16 ಅಡಿಯ ಫೈಬರ್ ದೋಣಿ, 25 ಎಚ್‌ಪಿಯ ಟೂ ಸ್ಟ್ರೋಕ್ ಇಂಜಿನ್. ತೆಂಗಿನಕಾಯಿ ಸಾಗಿಸುವುದಕ್ಕೆ, ಗಾಳ ಹಾಕುವುದಕ್ಕೆ, ಆಚೆ ದಡದ ನೆಂಟರ ಮನೆಗೆ ಹೋಗುವುದಕ್ಕೆ ಎಲ್ಲಕ್ಕೂ ಅದೇ. ಫೆಬ್ರವರಿ ಬಂತೆಂದರೆ ಇಳಿತದ ಹೊತ್ತಿನಲ್ಲಿ ಮರಳ ದಿಬ್ಬಗಳು ಕಾಣಲು ಶುರುವಾಗುತ್ತವೆ. ಬಾವಿಕ್ಕರದ ಕಡೆಗೆ ಹೋದರೆ ಕಲ್ಲು. ಒಂದೇ ಬೇಸಗೆಯಲ್ಲಿ ಎರಡು ಫ್ಯಾನ್ ಹಾಳಾದವು. ಆಗ ಈ ಜೆಟ್ ತಲೆಗೆ ಹೊಕ್ಕಿತು.

ಅದರ ಕೆಲಸ ಹೀಗೆ. ಇಂಜಿನ್‌ನ ಅಡಿಯ ಗೇರ್ ಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಮೇಲಿನಿಂದ ಬರುವ ಶಾಫ್ಟಿಗೆ ನೇರವಾಗಿ ಇಂಪೆಲ್ಲರ್ ಅನ್ನುವ ರೆಕ್ಕೆಗಳ ಚಕ್ರ ಕೂರುತ್ತದೆ. ಅದು ಕೆಳಗಿನ ಜಾಲರಿಯಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿಸುತ್ತದೆ. ಆ ರಭಸಕ್ಕೆ ದೋಣಿ ಓಡುತ್ತದೆ. ರಿವರ್ಸಿಗೆ ಗೇರ್ ಇಲ್ಲ. ನೀರು ಹೊರಬರುವ ಬಾಯಿಗೆ ಒಂದು ಗೇಟ್ ಅಡ್ಡ ಬಂದು ನೀರನ್ನು ಮುಂದಕ್ಕೆ ತಿರುಗಿಸುತ್ತದೆ. ನ್ಯೂಟ್ರಲ್ ಅಂದರೆ ಆ ಗೇಟ್ ಅರ್ಧದಲ್ಲಿ ನಿಂತಿರುವುದು. ಇಂಜಿನ್ ಓಡುತ್ತಿರುವಷ್ಟು ಹೊತ್ತೂ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ಕೆಳಗೆ ಫ್ಯಾನ್ ಇಲ್ಲ, ಮರಳಿಗೆ ಬಡಿಯುವ ಭಯ ಇಲ್ಲ. ನಾನು ನೋಡಿದ್ದು ಇದೊಂದನ್ನೇ.

ಯಾರೋ ಬಳಸಿದ್ದ ಪಂಪ್ ಒಂದನ್ನು 46,000 ರೂಪಾಯಿಗೆ ಕೊಂಡೆ. ಮಾರಿದವರು ಒಂದು ದಿನದ ಕೆಲಸ ಅಂದಿದ್ದರು. ನಮಗೆ ಮೂರು ವಾರ ಹಿಡಿಯಿತು.

ಮೊದಲ ತೊಂದರೆ ಎತ್ತರದ್ದು. ಫ್ಯಾನ್ ಇರುವ ಇಂಜಿನ್ ನೀರಿನೊಳಗೆ ಇಳಿದಿರಬೇಕು. ಜೆಟ್‌ನಲ್ಲಿ ನೀರು ಎಳೆಯುವ ಬಾಯಿಯ ಮುಂದಿನ ಅಂಚು ದೋಣಿಯ ತಳಕ್ಕೆ ಸರಿಸಮ ಬರಬೇಕು. ಅಂದರೆ ಇಡೀ ಇಂಜಿನ್ನನ್ನು 6-7 ಇಂಚು ಮೇಲೆ ಎತ್ತಿ ಕೂರಿಸಬೇಕು. ನಾವು ಹಿಂದಿನ ಹಲಗೆಯ ಮೇಲೆ ಹಲಸಿನ ಮರದ ದಪ್ಪ ತುಂಡು ಇಟ್ಟು ನಾಲ್ಕು ಬೋಲ್ಟ್ ಬಿಗಿದೆವು. ಇಂಜಿನ್ ಎತ್ತರಕ್ಕೆ ಹೋದಷ್ಟೂ ಆ ಹಲಗೆಯ ಮೇಲೆ ಎಳೆತ ಜಾಸ್ತಿ. ಇದು ಸಾಮಾನ್ಯ ಲೆಕ್ಕ, ಆದರೆ ಆಗ ನಮಗೆ ಹೊಳೆಯಲೇ ಇಲ್ಲ. ಫೈಬರ್ ದೋಣಿಯ ಹಿಂದಿನ ಹಲಗೆಯ ಒಳಗೆ ನಮ್ಮದರಲ್ಲಿ ಇರುವುದು ಪ್ಲೈವುಡ್. ಬೋಲ್ಟಿನ ತೂತುಗಳನ್ನು ನಾವು ಸರಿಯಾಗಿ ಮುಚ್ಚಿರಲಿಲ್ಲ. ಅಲ್ಲಿಂದ ಉಪ್ಪು ನೀರು ಒಳಗೆ ಇಳಿದು ಪ್ಲೈವುಡ್ ಮೆತ್ತಗಾಗುತ್ತಾ ಬಂತು.

ನೀರಿಗಿಳಿಸಿದ ಮೊದಲ ದಿನವೇ ಇಂಜಿನ್ ಕಿರುಚಿತು. ಸದ್ದು ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಪಂಪಿಗೆ ನೀರಿನ ಜೊತೆ ಗಾಳಿ ಹೋಗುತ್ತಿತ್ತು. ನಮ್ಮ ಕಡೆಯ ದೋಣಿಗಳ ತಳದಲ್ಲಿ ನಡುವೆ ಉದ್ದಕ್ಕೂ ಕೀಲ್ ಅನ್ನುವ ದಿಂಡು ಇರುತ್ತದೆ ಅಲ್ವಾ? ಆ ದಿಂಡನ್ನು ಸವರಿ ಬರುವ ನೀರು ನೊರೆಯಾಗಿ ನೇರ ಪಂಪಿನ ಬಾಯಿಗೇ ಬರುತ್ತದೆ. ಜೆಟ್‌ಗೆ ಚಪ್ಪಟೆ ತಳದ ದೋಣಿ ಬೇಕು, ಅಥವಾ ಪಂಪಿನ ಮುಂದಿನ ಭಾಗದ ಕೀಲ್ ಕಡಿಯಬೇಕು. ನಾವು ಗ್ರೈಂಡರ್ ಹಿಡಿದು ಮೂರು ಅಡಿ ಕಡಿದೆವು. ಕಿರುಚುವುದು ಕಡಿಮೆಯಾಯಿತು. ಆದರೆ ದೋಣಿ ಗಾಳಿಗೆ ಅಡ್ಡಡ್ಡ ಜಾರಲು ಶುರುವಾಯಿತು.

ಶಕ್ತಿಯ ಲೆಕ್ಕವನ್ನೂ ಕೇಳಿ. ಔಟ್‌ಬೋರ್ಡಿಗೆ ಜೆಟ್ ಹಾಕಿದರೆ ಹೆಚ್ಚುಕಡಿಮೆ 30 ಶೇಕಡಾ ಬಲ ಹೋಗುತ್ತದೆ. ನನ್ನ 25 ಎಚ್‌ಪಿ ಇಂಜಿನ್ 17-18 ಎಚ್‌ಪಿಯಂತೆ ಆಯಿತು. ಜೆಟ್ ದೋಣಿ ಕಡಿಮೆ ನೀರಿನಲ್ಲಿ ಓಡುತ್ತದೆ ಅನ್ನುವುದು ನಿಜ. ಆದರೆ ದೋಣಿ ವೇಗ ಹಿಡಿದು ನೀರಿನ ಮೇಲಕ್ಕೆ ಎದ್ದು ಓಡುವಾಗ ಮಾತ್ರ. ಮೂರು ಜನ, ಎರಡು ಮೂಟೆ ತೆಂಗಿನಕಾಯಿ ಹಾಕಿದರೆ ನಮ್ಮದು ಏಳುವುದೇ ಇಲ್ಲ. ನಿಧಾನಕ್ಕೆ ಹೋದರೆ ಅಡಿಯಿಂದ ಮರಳನ್ನೇ ಎಳೆಯುತ್ತದೆ. ಇಂಪೆಲ್ಲರಿಗೂ ಸುತ್ತಲಿನ ಗೋಡೆಗೂ ನಡುವೆ ಇರಬೇಕಾದ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಮರಳು ಅದನ್ನು ತೇಯುತ್ತಾ ಹೋಗುತ್ತದೆ. ತೇದಷ್ಟೂ ಬಲ ಇನ್ನೂ ಕಡಿಮೆ. ಒಂದೂವರೆ ತಿಂಗಳಲ್ಲಿ ನಮ್ಮ ಇಂಪೆಲ್ಲರಿನ ಅಂಚು ಗರಗಸದ ಹಲ್ಲಿನಂತಾಗಿತ್ತು. ಪೆಟ್ರೋಲ್ ಮೊದಲಿಗಿಂತ ತುಂಬಾ ಜಾಸ್ತಿ ಕುಡಿಯುತ್ತಿತ್ತು.

ಇದೆಲ್ಲ ಹಣದ ನಷ್ಟ. ಸಹಿಸಬಹುದು. ಅಳಿವೆಯಲ್ಲಿ ಆದದ್ದು ಬೇರೆ.

ಅಂದು ಸೇತುವೆ ದಾಟಿ ಕೆಳಗೆ ಗಾಳ ಹಾಕಲು ಹೋಗಿದ್ದೆವು. ಇಳಿತದ ಹೊತ್ತು. ಹೊಳೆಯ ನೀರು ಕಡಲಿಗೆ ಜೋರಾಗಿ ಹೋಗುತ್ತಿತ್ತು. ಮಧ್ಯಾಹ್ನದ ಪಡುಗಾಳಿ ಎದುರಿನಿಂದ ಬೀಸುತ್ತಿತ್ತು. ಹೋಗುವ ನೀರಿಗೂ ಬರುವ ಅಲೆಗೂ ಡಿಕ್ಕಿಯಾಗಿ ಅಳಿವೆಯ ಬಾಯಲ್ಲಿ ಅಲೆ ಕಡಿದಾಗಿ ಏಳುತ್ತಿತ್ತು. ನಾವು ಅಷ್ಟು ಕೆಳಗೆ ಹೋಗುವವರೇ ಅಲ್ಲ. ಹಿಂದಕ್ಕೆ ತಿರುಗಿಸುವ ಹೊತ್ತಿಗೆ ಇಂಜಿನ್ ಸದ್ದು ಬದಲಾಯಿತು. ದೋಣಿ ನಿಧಾನವಾಯಿತು.

ಜಾಲರಿಗೆ ಏನೋ ಸಿಕ್ಕಿಕೊಂಡಿದೆ ಅಂತ ನಾನು ಥ್ರೊಟಲ್ ಇಳಿಸಿದೆ. ಅಲ್ಲಿಗೆ ಚುಕ್ಕಾಣಿ ಸತ್ತಿತು.

ಇದನ್ನು ದಯವಿಟ್ಟು ಗಮನಿಸಿ ಓದಿ. ಫ್ಯಾನ್ ಇರುವ ಇಂಜಿನ್‌ನಲ್ಲಿ ಥ್ರೊಟಲ್ ಬಿಟ್ಟರೂ ನೀರಿನೊಳಗೆ ಇಳಿದಿರುವ ಗೇರ್ ಪೆಟ್ಟಿಗೆಯೇ ಸ್ವಲ್ಪ ಮಟ್ಟಿಗೆ ಚುಕ್ಕಾಣಿಯಂತೆ ಕೆಲಸ ಮಾಡುತ್ತದೆ. ದೋಣಿ ಮಾತು ಕೇಳುತ್ತದೆ. ಜೆಟ್‌ನಲ್ಲಿ ಹಿಂದಕ್ಕೆ ಚಿಮ್ಮುವ ನೀರೇ ಚುಕ್ಕಾಣಿ. ನೀರು ನಿಂತರೆ ಚುಕ್ಕಾಣಿಯೂ ಇಲ್ಲ. ಹೆದರಿದಾಗ ನಮ್ಮ ಕೈ ತಾನಾಗಿ ಥ್ರೊಟಲ್ ಇಳಿಸುತ್ತದೆ. 20 ವರ್ಷದ ಅಭ್ಯಾಸ ಅದು. ಜೆಟ್‌ನಲ್ಲಿ ಆ ಅಭ್ಯಾಸವೇ ಅಪಾಯ.

"ಭಾವ, ಇದೆಂತ, ತಿರುಗುವುದೇ ಇಲ್ಲವಲ್ಲ!" ಅಂತ ಭಾವ ಬೊಬ್ಬೆ ಹಾಕಿದ. ನಾನು ಮತ್ತೆ ಥ್ರೊಟಲ್ ಕೊಟ್ಟೆ. ಇಂಜಿನ್ ಕಿರುಚಿತು, ಬಲ ಇಲ್ಲ. ಇಂಜಿನ್ ತಣಿಸುವ ನೀರೂ ಅದೇ ಪಂಪಿನಿಂದ ಬರುವುದು. ಅದೂ ನಿಂತಿತ್ತು. ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಬಂದು ಇಂಜಿನ್ ಕಟ್ಟಿಕೊಂಡು ನಿಂತಿತು. ದೋಣಿ ಅಡ್ಡ ತಿರುಗಿತು. ಮೊದಲ ಅಲೆ ಬದಿಯಿಂದ ಒಳಗೆ ಬಿತ್ತು. ಎರಡನೆಯದು ಬಂದಾಗ ಹಿಂದಿನ ಹಲಗೆ ಲಟ್ಟೆಂದಿತು. ಇಂಜಿನ್ ಒಂದು ಕಡೆಗೆ ವಾಲಿತು.

ಲಂಗರು ಇತ್ತು, ಹಗ್ಗ ಚಿಕ್ಕದು. ಹುಟ್ಟು ಒಂದೇ ಇತ್ತು. ಲೈಫ್ ಜಾಕೆಟ್ ಹುಡುಗನಿಗೆ ಮಾತ್ರ ಹಾಕಿಸಿದ್ದೆವು. ಕಸಬಾ ಕಡಪ್ಪುರದ ಮೀನುಗಾರರ ದೋಣಿಯೊಂದು ಒಳಗೆ ಬರುತ್ತಿದ್ದುದು ನಮ್ಮ ಪುಣ್ಯ. ಅವರು ಹಗ್ಗ ಎಸೆದು ನಮ್ಮನ್ನು ಎಳೆದು ತಂದರು. ಡೀಸೆಲಿಗೆ ಅಂತ ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಅವರಲ್ಲಿ ಹಿರಿಯರೊಬ್ಬರು ಪಂಪಿನ ಜಾಲರಿಯಿಂದ ಕಿತ್ತು ತೋರಿಸಿದ್ದು ಒಂದು ತುಂಡು ನೈಲಾನ್ ಬಲೆ, ಎರಡು ಹಾಲಿನ ಪ್ಯಾಕೆಟ್. ಅಷ್ಟೇ. "ಫ್ಯಾನಿಗೆ ಇದು ಸುತ್ತಿದರೆ ಇಂಜಿನ್ ಎತ್ತಿ ಕೈಯಲ್ಲೇ ಬಿಡಿಸಬಹುದಿತ್ತು ಮಗಾ" ಅಂದರು. ನಮ್ಮ ಪಂಪಿನಲ್ಲಿ ಉಳಿದ ಬಲೆ ಜಾಲರಿ ದಾಟಿ ಒಳಗಿನ ಶಾಫ್ಟಿಗೇ ಸುತ್ತಿತ್ತು. ಮನೆಯಲ್ಲಿ ಪಂಪ್ ಬಿಚ್ಚಿಯೇ ತೆಗೆಯಬೇಕಾಯಿತು.

ಬಿಚ್ಚಿದಾಗ ಇನ್ನೊಂದು ಕಂಡಿತು. ರಿವರ್ಸ್ ಗೇಟಿನ ಲಾಕ್ ಪೂರ್ತಿ ಕೂರುತ್ತಿರಲಿಲ್ಲ. ಲೇತ್‌ನಲ್ಲಿ ಮಾಡಿಸಿದ ಸರಳು ಕಾಲು ಇಂಚು ಗಿಡ್ಡ. ಜೋರಾಗಿ ಓಡುವಾಗ ಲಾಕ್ ಬಿಟ್ಟರೆ ಚಿಮ್ಮುವ ನೀರೇ ಗೇಟನ್ನು ಎಳೆದು ಮುಚ್ಚುತ್ತದೆ. ದೋಣಿ ಗಕ್ಕನೆ ನಿಲ್ಲುತ್ತದೆ, ಮುಂದೆ ಕುಳಿತವರು ನೀರಿಗೆ. ಹುಡುಗ ಯಾವಾಗಲೂ ಮುಂದೆಯೇ ಕೂರುವುದು.

ಜೆಟ್ ಕೆಟ್ಟದ್ದು ಅನ್ನುವುದು ನನ್ನ ಮಾತಲ್ಲ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ದೋಣಿ ಮಾಡಿದ್ದು ಅಲ್ಲಿನ ತಿಳಿನೀರಿನ, ಬೆಣಚುಕಲ್ಲಿನ, ಆಳವಿಲ್ಲದ ಹೊಳೆಗಳಿಗೆ. 1960ರಲ್ಲಿ ಅಂಥ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಯ ಹರಿವಿಗೆ ಎದುರಾಗಿ ಏರಿದ್ದವು. ಅವು ಮೊದಲಿನಿಂದಲೇ ಜೆಟ್‌ಗೆಂದು ಕಟ್ಟಿದ ದೋಣಿಗಳು. ಪ್ಲಾಸ್ಟಿಕ್ಕು, ಹರಿದ ಬಲೆ, ಮರಳು ತುಂಬಿದ ನಮ್ಮ ಅಳಿವೆಗೆ, ಕೀಲ್ ಇರುವ ನಮ್ಮ ದೋಣಿಗೆ, 25 ಎಚ್‌ಪಿ ಇಂಜಿನಿಗೆ ಅದು ಹೊಂದುವುದಿಲ್ಲ.

ಈಗಾಗಲೇ ಹಾಕಿಸಿದವರು ಇದ್ದರೆ ಇಷ್ಟಾದರೂ ಮಾಡಿ. ಅಳಿವೆಯ ಕಡೆಗೆ ಹೋಗಬೇಡಿ. ಎರಡು ಹುಟ್ಟು, ಉದ್ದ ಹಗ್ಗದ ಲಂಗರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಜಾಲರಿಗೆ ಕೈ ಹಾಕುವ ಮೊದಲು ಇಂಜಿನ್ ನಿಲ್ಲಿಸಿ, ಇಂಜಿನ್ನನ್ನು ಕೂಡಲೇ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕಿತ್ತುಬಿಡಿ. ನ್ಯೂಟ್ರಲ್ ನಂಬಬೇಡಿ, ಒಳಗೆ ಇಂಪೆಲ್ಲರ್ ತಿರುಗುತ್ತಿರುತ್ತದೆ. 10 ಗಂಟೆ ಓಡಿಸಿದ ಮೇಲೆ ಒಮ್ಮೆ ಬೇರಿಂಗಿಗೆ ಗ್ರೀಸ್ ತುಂಬಿ, ಉಪ್ಪು ನೀರಿನಿಂದ ಬಂದ ದಿನ ಸಿಹಿ ನೀರು ಹಾಯಿಸಿ ತೊಳೆಯಿರಿ. ದೋಣಿಯ ದಾಖಲೆಯಲ್ಲಿ ಇಂಜಿನ್ ವಿವರ ಬರೆದಿರುತ್ತದೆ. ಬದಲಾಯಿಸಿದ್ದನ್ನು ನೋಂದಣಿ ಕಚೇರಿಗೆ ಮೊದಲೇ ತಿಳಿಸಿ. ನಾವು ತಿಳಿಸಿರಲಿಲ್ಲ, ಅದು ದೊಡ್ಡ ತಪ್ಪು.

ನಮ್ಮ ದೋಣಿಯ ಹಿಂದಿನ ಹಲಗೆಯನ್ನು ಪೂರ್ತಿ ಕಡಿದು ಹೊಸದು ಕಟ್ಟಿಸಿದೆವು. ಪಿಸ್ಟನ್ ಬದಲಾಯಿತು, ಹಳೆಯ ಗೇರ್ ಪೆಟ್ಟಿಗೆ ಮತ್ತೆ ಬಂತು. ಪಂಪಿನ ಬೆಲೆ ಬಿಟ್ಟು 38,000 ರೂಪಾಯಿ ಖರ್ಚು. ಪಂಪ್ ಕೇಳಿ ಇಬ್ಬರು ಫೋನ್ ಮಾಡಿದ್ದರು. ಕೊಡಲಿಲ್ಲ. ಈಗ ನೀರು ಕಡಿಮೆ ಇದ್ದರೆ ಇಂಜಿನ್ ಎತ್ತಿ ಜಲ್ಲೆ ಊರಿ ದೂಡುತ್ತೇವೆ, ಇಲ್ಲವಾದರೆ ಉಬ್ಬರಕ್ಕೆ ಕಾಯುತ್ತೇವೆ. ಹುಡುಗ ಮೊನ್ನೆಯಿಂದ ಮತ್ತೆ ದೋಣಿ ಹತ್ತುತ್ತಿದ್ದಾನೆ, ಆದರೆ ಸೇತುವೆ ದಾಟಿ ಕೆಳಗೆ ಬರುವುದಿಲ್ಲ ಅನ್ನುತ್ತಾನೆ.